ಬೇಸಿಗೆ ಶಿಬಿರದ ಕೆಲಸಕ್ಕೆ ಏನು ಹಾಕಿಕೊಂಡು ಹೋಗಬೇಕು?

ಏಪ್ರಿಲ್ ತಿಂಗಳಲ್ಲಿ ಸಾಲಿ ಸೂಟಿ ಬಿಟ್ಟ ಕೂಡಲೇ ಹುಬ್ಬಳ್ಳಿ-ಧಾರವಾಡದಲ್ಲಿ ಬೇಸಿಗೆ ಶಿಬಿರಗಳು ಶುರುವಾಗುತ್ತವೆ. ನಾಟಕ, ಚಿತ್ರಕಲೆ, ಮಣ್ಣಿನ ಕೆಲಸ, ಜನಪದ ಹಾಡು, ಈಜು, ಗುಡ್ಡ ಹತ್ತುವುದು ಹೀಗೆ ಬಗೆಬಗೆಯವು. ಅಲ್ಲಿ ಕೆಲಸ ಮಾಡುವವರಲ್ಲಿ ಕಾಲೇಜು ಹುಡುಗ ಹುಡುಗಿಯರೇ ಜಾಸ್ತಿ. ಅವರ ಜೊತೆಗೆ ರಂಗ ಕಲಾವಿದರು, ರಜೆಯಲ್ಲಿರುವ ಶಿಕ್ಷಕರು, ಅಡುಗೆಯವರು, ಆಯಾಗಳು ಇರುತ್ತಾರೆ. ಇವರಿಗೆಲ್ಲ ಸಮಯದ ಪಟ್ಟಿ ಸಿಗುತ್ತದೆ, ಹಾಡಿನ ಹಾಳೆ ಸಿಗುತ್ತದೆ. ಬಟ್ಟೆಯ ವಿಷಯಕ್ಕೆ ಬಂದರೆ "ಡೀಸೆಂಟಾಗಿ ಬನ್ನಿ" ಅನ್ನುವ ಒಂದೇ ಮಾತು.

ಅದು ಸಾಲದು. ಶಿಬಿರದ ಕೆಲಸ ಆಫೀಸಿನ ಕೆಲಸ ಅಲ್ಲ, ಸಾಲಿಯ ಕೆಲಸವೂ ಅಲ್ಲ. ಇಡೀ ದಿನ ನೆಲದ ಮೇಲೆ ಕೂರಬೇಕು, ಏಳಬೇಕು, ಓಡಬೇಕು. ಅಳುವ ಮಗುವನ್ನು ಎತ್ತಿಕೊಳ್ಳಬೇಕು. ನಿಮ್ಮ ಬಟ್ಟೆ ಮಕ್ಕಳಿಗೆ ಚುಚ್ಚಬಾರದು, ನಿಮ್ಮ ಓಟಕ್ಕೆ ಅಡ್ಡ ಬರಬಾರದು, ಜನರ ನಡುವೆಯೂ ಮಗು ನಿಮ್ಮನ್ನು ದೂರದಿಂದ ಗುರುತಿಸುವಂತೆ ಇರಬೇಕು. ಚೆಂದ ಕಾಣುವುದು ಆಮೇಲಿನ ಮಾತು. ನಾನು ಇಲ್ಲಿ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

1. ಮೊದಲು ನಿಮ್ಮ ದಿನವನ್ನು ಒಂದು ಹಾಳೆಯ ಮೇಲೆ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಸಂಘಟಕರಿಗೆ ಒಂದು ಫೋನ್ ಮಾಡಿ. ಎಷ್ಟು ಗಂಟೆಗೆ ಎಲ್ಲಿ ಇರುತ್ತೀರಿ ಅಂತ ಕೇಳಿ ಬರೆದುಕೊಳ್ಳಿ. ಬೆಳಿಗ್ಗೆ ಮೈದಾನವೋ, ಸಭಾಂಗಣವೋ? ನೆಲ ಎಂಥದು? ಗ್ರಾನೈಟ್ ಇದೆಯೋ, ಮಣ್ಣೋ, ಹುಲ್ಲೋ? ಮಧ್ಯಾಹ್ನ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದಿದೆಯೋ? ನಿಮ್ಮ ಗುಂಪಿನ ಮಕ್ಕಳ ವಯಸ್ಸು ಎಷ್ಟು?

ಈ ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆದರೆ 6 ವರ್ಷದ ಮಕ್ಕಳ ಜೊತೆ ಕೆಲಸ ಮಾಡುವವರ ಉಡುಪು ಒಂದು ಥರ, 14 ವರ್ಷದವರ ಜೊತೆ ಮಾಡುವವರದು ಇನ್ನೊಂದು ಥರ. ಸಣ್ಣವರು ನಿಮ್ಮ ಮೈಮೇಲೆ ಬೀಳುತ್ತಾರೆ, ಬಟ್ಟೆ ಹಿಡಿದು ಜಗ್ಗುತ್ತಾರೆ, ಮೂಗು ಒರೆಸುತ್ತಾರೆ. ದೊಡ್ಡವರು ನಿಮ್ಮನ್ನು ನೋಡಿ ಕಲಿಯುತ್ತಾರೆ. ನೀವು ಟೊಪ್ಪಿಗೆ ಹಾಕದೆ ಬಿಸಿಲಲ್ಲಿ ನಿಂತು "ಎಲ್ಲರೂ ಟೊಪ್ಪಿಗೆ ಹಾಕ್ಕೊಳ್ರಿ" ಅಂದರೆ ಒಬ್ಬರೂ ಹಾಕುವುದಿಲ್ಲ.

2. ಆರಿಸಿದ ಬಟ್ಟೆ ಹಾಕಿಕೊಂಡು ಮನೆಯಲ್ಲೇ ಪರೀಕ್ಷೆ ಮಾಡಿ

ಕನ್ನಡಿ ಮುಂದೆ ಸುಮ್ಮನೆ ನಿಂತರೆ ಏನೂ ಗೊತ್ತಾಗುವುದಿಲ್ಲ. ಈ ನಾಲ್ಕು ಕೆಲಸ ಮಾಡಿ ನೋಡಿ.

ಚಕ್ಕಳಮಕ್ಕಳ ಹಾಕಿ ಕೂತು, ಕೈ ಊರದೆ ಏಳಿ. ಪ್ಯಾಂಟು ತೊಡೆಯಲ್ಲಿ ಬಿಗಿಯಾದರೆ ಅದು ಬೇಡ. ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿ. ಅಂಗಿ ಮೇಲೆ ಸರಿದು ಹೊಟ್ಟೆ ಕಂಡರೆ ಇನ್ನೂ ಎರಡು ಇಂಚು ಉದ್ದದ್ದು ಬೇಕು. ಮುಂದಕ್ಕೆ ಬಗ್ಗಿ ನೆಲದ ಮೇಲಿನ ಪೆನ್ಸಿಲ್ ಎತ್ತಿ. ಮನೆಯವರೊಬ್ಬರು ಮುಂದೆ, ಒಬ್ಬರು ಹಿಂದೆ ನಿಂತು ನೋಡಲಿ. ಕುತ್ತಿಗೆ ಅಗಲವಾದ ಅಂಗಿ, ಸೊಂಟದ ಕೆಳಗೆ ಇಳಿಯುವ ಪ್ಯಾಂಟು ಇಲ್ಲೇ ಸಿಕ್ಕಿಬೀಳುತ್ತವೆ. ಕೊನೆಗೆ ಅಂಗಳದಲ್ಲಿ ಒಂದು ಸುತ್ತು ಓಡಿ.

ಬಿಳಿ ಬಟ್ಟೆ ಇದ್ದರೆ ಬಿಸಿಲಲ್ಲಿ ನಿಂತು ಇನ್ನೊಮ್ಮೆ ನೋಡಿಸಿ. ಮನೆಯ ಒಳಗೆ ಸರಿ ಕಾಣುವ ತೆಳು ಬಿಳಿ ಅಂಗಿ ಬೆವರಿದಾಗ, ಬಿಸಿಲು ಬಿದ್ದಾಗ ಆರಪಾರ ಕಾಣುತ್ತದೆ. ಇದು ಗಂಡಸರಿಗೂ ಹೆಂಗಸರಿಗೂ ಒಂದೇ.

3. ಬಟ್ಟೆ ಆರಿಸುವುದು: ನಮ್ಮ ಬಿಸಿಲು, ನಮ್ಮ ಮಣ್ಣು

ಏಪ್ರಿಲ್, ಮೇ ತಿಂಗಳಲ್ಲಿ ಹುಬ್ಬಳ್ಳಿ-ಧಾರವಾಡದ ಮಧ್ಯಾಹ್ನದ ಬಿಸಿಲು 37-38 ಡಿಗ್ರಿ ಮುಟ್ಟುತ್ತದೆ. ಗದಗ ಕಡೆ ಕೆಲವು ದಿನ 40ರ ಹತ್ತಿರ ಹೋಗುತ್ತದೆ. ಆದರೆ ನಮ್ಮದು ಮಂಗಳೂರಿನಂಥ ಜಿಗಟು ಸೆಕೆ ಅಲ್ಲ, ಒಣ ಬಿಸಿಲು. ಸಂಜೆ ಗಾಳಿಯೂ ಬೀಸುತ್ತದೆ. ಹಾಗಾಗಿ ಇಲ್ಲಿ ಹತ್ತಿ ಬಟ್ಟೆಗೆ ಸಮನಾದದ್ದು ಇಲ್ಲ. ಬೆವರು ಹೀರುತ್ತದೆ, ಒಣ ಗಾಳಿಗೆ ಬೇಗ ಆರುತ್ತದೆ, ಆರುವಾಗ ಮೈ ತಂಪು ಮಾಡುತ್ತದೆ.

ಟೀ ಶರ್ಟ್ ಕೊಳ್ಳುವಾಗ ಜಿಎಸ್ಎಂ ಎಷ್ಟು ಅಂತ ಕೇಳಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. 160ರಿಂದ 180ರ ಒಳಗಿನದು ನಮ್ಮ ಬೇಸಿಗೆಗೆ ಸರಿ. 140ಕ್ಕಿಂತ ಕಡಿಮೆ ಇದ್ದರೆ ತಿಳಿ ಬಣ್ಣದಲ್ಲಿ ಮೈ ಕಾಣುತ್ತದೆ, 220 ದಾಟಿದರೆ ಸೆಕೆ. ನೂರಕ್ಕೆ ನೂರು ಹತ್ತಿ ಅಂತ ಚೀಟಿಯ ಮೇಲೆ ಇದೆಯೋ ನೋಡಿ. ಹತ್ತಿ ಒಗೆದ ಮೇಲೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಮೈಗೆ ಅಂಟುವ ಅಳತೆ ಬೇಡ, ಒಂದು ಅಳತೆ ದೊಡ್ಡದೇ ಇರಲಿ. ಸಡಿಲ ಇದ್ದಷ್ಟೂ ಒಳಗೆ ಗಾಳಿ ಆಡುತ್ತದೆ.

ಆಟ ಆಡಿಸುವವರು ಮಾತ್ರ ಪಾಲಿಯೆಸ್ಟರ್ ಡ್ರೈ-ಫಿಟ್ ಹಾಕಿಕೊಳ್ಳಬಹುದು. ಬೆಳಿಗ್ಗೆ ಎರಡು ತಾಸು ಓಡುವುದಕ್ಕೆ ಅದು ಹಗುರ. ಆದರೆ ಅದನ್ನೇ ಹಾಕಿಕೊಂಡು ಮಧ್ಯಾಹ್ನ ಅಡುಗೆ ಮನೆಯಲ್ಲಿ ಬಡಿಸಲು ನಿಲ್ಲಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಖಾದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ದೇಶದ ಖಾದಿ ಬಾವುಟಗಳು ತಯಾರಾಗುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಇಷ್ಟು ಹತ್ತಿರ ಖಾದಿ ಇಟ್ಟುಕೊಂಡು ಶಿಬಿರಕ್ಕೆ ಮಾತ್ರ ನೈಲಾನ್ ಅಂಗಿ ಹಾಕಿಕೊಂಡು ಬರುವುದು ನನಗೆ ಸಂಕಟ. ಅರ್ಧ ತೋಳಿನ ಖಾದಿ ಕುರ್ತಾ, ಕೆಳಗೆ ಸಡಿಲ ಹತ್ತಿ ಪ್ಯಾಂಟು ಹಾಕಿದರೆ ಕತೆ ಹೇಳುವವರಿಗೆ, ಹಾಡು ಕಲಿಸುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಬೇಡ. ಕುರ್ತಾದ ಉದ್ದ ಮಾತ್ರ ಮೊಣಕಾಲಿಗಿಂತ ಮೇಲೆ ಇರಲಿ. ಉದ್ದ ಕುರ್ತಾ ಹಾಕಿ ನೆಲದಿಂದ ಏಳುವಾಗ ಅಂಚು ಕಾಲಡಿ ಸಿಕ್ಕಿ ಮುಗ್ಗರಿಸುತ್ತೀರಿ. ಹೊಸ ಬಣ್ಣದ ಖಾದಿಯನ್ನು ಮೊದಲು ಎರಡು ಸಲ ಬೇರೆಯಾಗಿಯೇ ನೆನೆಸಿ ಒಗೆಯಿರಿ. ಇಲ್ಲದಿದ್ದರೆ ಬೆವರಿಗೆ ಬಣ್ಣ ಬಿಟ್ಟು ನೀವು ಎತ್ತಿಕೊಂಡ ಮಗುವಿನ ಅಂಗಿಗೆ ಹತ್ತುತ್ತದೆ.

ಇನ್ನು ಮಣ್ಣು. ಧಾರವಾಡದ ಪಡುವಣ ಕಡೆ ಕೆಂಪು ಮಸಾರಿ, ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗ ಕಡೆ ಹೋದರೆ ಕರಿ ಎರೆ. ಮಸಾರಿ ದೂಳು ಬಿಳಿ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಆದ್ದರಿಂದ ಕೆಳಗಿನ ಉಡುಪು ಕಂದು, ಬೂದು, ಖಾಕಿ ಬಣ್ಣದ್ದಾಗಲಿ. ಮೇಲಿನದು ತಿಳಿ ಹಳದಿ, ತಿಳಿ ನೀಲಿ, ತಿಳಿ ಹಸಿರು. ತಿಳಿ ಬಣ್ಣ ಬಿಸಿಲನ್ನು ಕಡಿಮೆ ಹೀರುತ್ತದೆ. ಇನ್ನೊಂದು ಲಾಭವೂ ಇದೆ. ದೊಡ್ಡ ಮರಗಳಿರುವ ಕಡೆ ಹೆಜ್ಜೇನು ಗೂಡು ಇರುವುದು ಮಾಮೂಲು. ಜೇನು ಕೆರಳಿದಾಗ ಕಪ್ಪು, ಗಾಢ ಬಣ್ಣದ ಕಡೆಗೆ ಜಾಸ್ತಿ ನುಗ್ಗುತ್ತದೆ. ಜೇನು ಸಾಕುವವರು ಬಿಳಿ ಉಡುಪು ತೊಡುವುದು ಇದೇ ಕಾರಣಕ್ಕೆ. ಘಾಟು ಸೆಂಟ್ ಹೊಡೆದುಕೊಂಡು ಮರದಡಿ ಮಕ್ಕಳನ್ನು ಕೂರಿಸುವುದೂ ಬೇಡ.

4. ಮಗುವಿನ ಎತ್ತರದಿಂದ ನಿಮ್ಮನ್ನು ನೋಡಿಕೊಳ್ಳಿ

ಸಣ್ಣ ಮಕ್ಕಳ ಜೊತೆ ಇರುವವರು ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. 6 ವರ್ಷದ ಮಗುವಿನ ಮುಖ ನಿಂತ ದೊಡ್ಡವರ ಸೊಂಟದ ಎತ್ತರಕ್ಕೆ ಬರುತ್ತದೆ. ಅದು ಓಡಿ ಬಂದು ನಿಮ್ಮನ್ನು ಅಪ್ಪಿಕೊಂಡಾಗ ಅದರ ಕಣ್ಣು, ಮೂಗು, ತುಟಿ ನಿಮ್ಮ ಬೆಲ್ಟಿನ ಬಕಲ್‌ಗೆ ಬಡಿಯುತ್ತವೆ. ಸೊಂಟಕ್ಕೆ ಸಿಕ್ಕಿಸಿದ ಬೈಕಿನ ಕೀ ಗೊಂಚಲಿಗೆ ಬಡಿಯುತ್ತವೆ. ನೀವು ಬಗ್ಗಿದರೆ ಅಂಗಿಯ ಕಿಸೆಯಲ್ಲಿರುವ ಪೆನ್ನು ಮಗುವಿನ ಕಣ್ಣಿನ ನೇರಕ್ಕೆ ಬರುತ್ತದೆ.

ಆದ್ದರಿಂದ ದೊಡ್ಡ ಬಕಲ್‌ನ ಬೆಲ್ಟ್ ಬಿಟ್ಟು ಎಲಾಸ್ಟಿಕ್ ಇಲ್ಲವೇ ಲಾಡಿ ಇರುವ ಪ್ಯಾಂಟು ಹಾಕಿ. ಕೀ, ಫೋನು, ಪೆನ್ನು ಎಲ್ಲ ತೊಡೆಯ ಪಕ್ಕದ ಜಿಪ್ ಕಿಸೆಗೆ ಹೋಗಲಿ. ಕಿಸೆ ಇಲ್ಲದ ಲೆಗ್ಗಿಂಗ್ಸ್, ಚೂಡಿದಾರ ಹಾಕುವವರು ಸೊಂಟಕ್ಕೆ ಕಟ್ಟುವ ತೆಳು ಬಟ್ಟೆಯ ಚೀಲ ಇಟ್ಟುಕೊಳ್ಳಿ. ಅದನ್ನು ಬೆನ್ನ ಕಡೆ ಸರಿಸಿ. ದರ್ಜಿ ಕಡೆ ಹೊಲಿಸುವವರಾದರೆ "ಎರಡೂ ಕಡೆ ಆಳದ ಕಿಸೆ ಬೇಕು" ಅಂತ ಮೊದಲೇ ಹೇಳಿ. ಹೆಂಗಸರ ಬಟ್ಟೆಗೆ ಕಿಸೆ ಇಡುವುದು ಇನ್ನೂ ನಮ್ಮಲ್ಲಿ ಕೇಳಿ ಪಡೆಯಬೇಕಾದ ವಿಷಯವೇ ಆಗಿದೆ, ಕೇಳಿ.

ಉಂಗುರ, ವಾಚು, ಕಡಗ ತೆಗೆದಿಡಿ. ಕಬಡ್ಡಿ ಹಿಡಿತದಲ್ಲಿ ಉಂಗುರ ನಿಮ್ಮ ಬೆರಳನ್ನೂ ಕೀಳುತ್ತದೆ, ಮಗುವಿನ ಚರ್ಮವನ್ನೂ ಕೀಳುತ್ತದೆ. ಗಾಜಿನ ಬಳೆ ಆಟದ ಹೊತ್ತಿನಲ್ಲಿ ಬೇಡವೇ ಬೇಡ, ಒಡೆದ ಚೂರು ಬರಿಗಾಲಿನ ಮಕ್ಕಳ ನಡುವೆ ಬೀಳುತ್ತದೆ. ಪೂರ್ತಿ ಬರಿಗೈ ಮನಸ್ಸಿಗೆ ಒಪ್ಪದವರು ಒಂದೊಂದು ಬಟ್ಟೆ ಸುತ್ತಿದ ಬಳೆ ಹಾಕಿಕೊಳ್ಳಬಹುದು. ಜೋತಾಡುವ ಝುಮಕಿ ಬದಲು ಸಣ್ಣ ಬೆಂಡೋಲೆ. ತಾಳಿಯನ್ನು ಕುಪ್ಪಸದ ಒಳಗೆ ಸೇರಿಸಿ. ಉಗುರು ಕತ್ತರಿಸಿರಿ. ಕೂದಲು ಗಟ್ಟಿಯಾಗಿ ಕಟ್ಟಿ. ಉದ್ದ ಕೂದಲು ಬಿಟ್ಟ ಹುಡುಗರಿಗೂ ಇದೇ ಮಾತು.

ಗುರುತಿನ ಚೀಟಿ ಬೇಕೇ ಬೇಕು. ಮಗುವನ್ನು ಕರೆದೊಯ್ಯಲು ಬಂದ ತಂದೆ-ತಾಯಿಗೆ ಯಾರು ಶಿಬಿರದವರು, ಯಾರು ಹೊರಗಿನವರು ಅಂತ ಒಂದು ನೋಟಕ್ಕೆ ಗೊತ್ತಾಗಬೇಕು. ಆದರೆ ಕುತ್ತಿಗೆಗೆ ಗಟ್ಟಿ ದಾರದಲ್ಲಿ ನೇತುಹಾಕಿದ ಚೀಟಿಯನ್ನು ಮಗು ಜಗ್ಗಿದರೆ ನಿಮ್ಮ ಕುತ್ತಿಗೆಗೇ ಉರುಳು. ಜಗ್ಗಿದ ಕೂಡಲೇ ತಾನಾಗಿ ಬಿಚ್ಚಿಕೊಳ್ಳುವ ಕ್ಲಿಪ್ ಇರುವ ದಾರ ಸಿಗುತ್ತದೆ, ಅದನ್ನೇ ತರಿಸಿ. ಪಿನ್ ಚುಚ್ಚುವ ಬ್ಯಾಡ್ಜ್ ಬೇಡ. ಎಲ್ಲಕ್ಕಿಂತ ಒಳ್ಳೆಯದು ಬಟ್ಟೆಯ ಮೇಲೆಯೇ ಹೆಸರು ಹೊಲಿಸುವುದು ಅಥವಾ ಅಚ್ಚು ಹಾಕಿಸುವುದು. ಹೆಸರು ಕನ್ನಡದಲ್ಲಿ ಇರಲಿ, ಎರಡನೇ ಕ್ಲಾಸಿನ ಮಗು ಓದುವಷ್ಟು ದೊಡ್ಡದಾಗಿ ಇರಲಿ. ಹೊಸ ಮಗುವಿಗೆ ಸಹಾಯ ಬೇಕಾದಾಗ "ಅಕ್ಕಾರ" ಅಂತ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಹೆಸರು ಓದಲು ಬಂದರೆ ಅದಕ್ಕೆ ಬೇಕಾದ ಅಕ್ಕ ಸಿಗುತ್ತಾಳೆ.

ಅಂಗಿಯ ಮೇಲೆ ಏನು ಬರೆದಿದೆ ಅಂತಲೂ ಓದಿಕೊಳ್ಳಿ. ಗೊತ್ತಿಲ್ಲದ ಇಂಗ್ಲಿಷ್ ಸಾಲು, ಬಿಯರ್ ಕಂಪನಿಯ ಚಿತ್ರ, ಗುಟ್ಕಾ ಹೆಸರು, ಯಾವುದೇ ಪಕ್ಷದ ಗುರುತು ಬೇಡ. ಚುನಾವಣೆ ಎಷ್ಟೋ ಸಲ ಏಪ್ರಿಲ್-ಮೇನಲ್ಲೇ ಬರುತ್ತದೆ, ಪ್ರಚಾರದ ಟೊಪ್ಪಿಗೆ, ಶಲ್ಯ ಪುಕ್ಕಟೆ ಸಿಗುತ್ತವೆ. ಅವನ್ನು ಶಿಬಿರಕ್ಕೆ ತರಬೇಡಿ. ಎಲ್ಲ ಮನೆಯ ಮಕ್ಕಳೂ ನಿಮ್ಮ ಹತ್ತಿರ ಬರಬೇಕು.

5. ತಲೆ ಮತ್ತು ಮುಖ

ಸುತ್ತಲೂ ಮೂರು ಇಂಚು ಅಂಚಿರುವ ಹತ್ತಿ ಟೊಪ್ಪಿಗೆ ಕೊಳ್ಳಿ. ಕ್ರಿಕೆಟ್ ಕ್ಯಾಪ್ ಹಣೆಗೆ ಮಾತ್ರ ನೆರಳು ಕೊಡುತ್ತದೆ, ಕಿವಿ ಮತ್ತು ಹಿಂಗತ್ತು ಸುಡುತ್ತವೆ. ಟೊಪ್ಪಿಗೆ ಇಲ್ಲದಿದ್ದರೆ ನಮ್ಮ ರೈತರ ದಾರಿ ಇದ್ದೇ ಇದೆ, ತೆಳು ಟವೆಲ್ ಒದ್ದೆ ಮಾಡಿ ತಲೆಗೆ ಸುತ್ತಿ. ಒಂದು ತುದಿ ಹಿಂಗತ್ತಿನ ಮೇಲೆ ಬೀಳಲಿ.

ಕಪ್ಪು ಕನ್ನಡಕ ಹಾಕಬಹುದು. ಆದರೆ ಮಗುವಿನ ಜೊತೆ ಮಾತಾಡುವಾಗ ತೆಗೆಯಿರಿ. ಯಾರ ಕಣ್ಣು ತಮಗೆ ಕಾಣುವುದಿಲ್ಲವೋ ಅವರನ್ನು ಸಣ್ಣ ಮಕ್ಕಳು ನಂಬುವುದಿಲ್ಲ. ಸನ್‌ಸ್ಕ್ರೀನ್ ಹಚ್ಚುವವರು ಎಸ್‌ಪಿಎಫ್ 30 ಇಲ್ಲವೇ ಅದಕ್ಕಿಂತ ಜಾಸ್ತಿ ಇರುವುದನ್ನು ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಬಿಸಿಲಲ್ಲೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ.

6. ಕಾಲಿಗೆ ಏನು?

ಹಣ ಕಡಿಮೆ ಇದ್ದರೆ ಅಂಗಿಯಲ್ಲಿ ಉಳಿಸಿ, ಬೂಟಿಗೆ ಖರ್ಚು ಮಾಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಹವಾಯಿ ಚಪ್ಪಲ್ ಹಾಕಿಕೊಂಡು ಓಡಲು ಬರುವುದಿಲ್ಲ. ಒಂದು ಮಗು ಗೇಟಿನ ಕಡೆ ಓಡಿದರೆ ನೀವು ಚಪ್ಪಲ್ ಬಿಟ್ಟು ಬರಿಗಾಲಲ್ಲಿ ಓಡಬೇಕಾಗುತ್ತದೆ. ನಮ್ಮ ಮೈದಾನಗಳ ಅಂಚಿನಲ್ಲಿ ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ಬಿದ್ದಿರುತ್ತವೆ. ಜಾಲಿ ಮುಳ್ಳು ತೆಳು ರಬ್ಬರ್ ಅಟ್ಟೆಯನ್ನು ತೂರಿ ಪಾದಕ್ಕೆ ಬರುತ್ತದೆ. ಆದ್ದರಿಂದ ಹೊರಗಿನ ಕೆಲಸಕ್ಕೆ ದಪ್ಪ ಅಟ್ಟೆಯ, ಕಾಲ್ಬೆರಳು ಮುಚ್ಚುವ ಕ್ರೀಡಾ ಬೂಟು. ದುಡ್ಡು ಅಷ್ಟಕ್ಕಷ್ಟೇ ಇದ್ದರೆ ಹಿಮ್ಮಡಿಗೆ ಪಟ್ಟಿ ಇರುವ ಗಟ್ಟಿ ಸ್ಯಾಂಡಲ್ ಆದರೂ ಇರಲಿ.

ಬೂಟನ್ನು ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಿಂತ ಮೇಲೆ ಪಾದ ಸ್ವಲ್ಪ ಉಬ್ಬಿರುತ್ತದೆ, ಆಗ ಸರಿ ಬಂದ ಬೂಟು ಶಿಬಿರದ ಮಧ್ಯಾಹ್ನಕ್ಕೂ ಸರಿ ಬರುತ್ತದೆ. ಕೊಳ್ಳುವಾಗ ಹತ್ತಿ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ, ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗ ಇರಲಿ. ಹುಬ್ಬಳ್ಳಿಯ ದುರ್ಗದ ಬೈಲ್, ಧಾರವಾಡದ ಸುಭಾಸ ರಸ್ತೆ ಸುತ್ತ ಎಲ್ಲ ದರದವೂ ಸಿಗುತ್ತವೆ. ಶಿಬಿರ ಶುರುವಾಗುವ ಹಿಂದಿನ ದಿನ ಕೊಳ್ಳಬೇಡಿ. ಒಂದು ವಾರ ಮೊದಲೇ ತಂದು ದಿನಾ ಸಂಜೆ ಹಾಕಿಕೊಂಡು ತಿರುಗಾಡಿ. ಹೊಸ ಬೂಟಿನ ಗುಳ್ಳೆ ಎದ್ದ ಕಾಲಲ್ಲಿ ಮಕ್ಕಳ ಹಿಂದೆ ಓಡುವುದು ಬಹಳ ಕಷ್ಟ.

ಸಭಾಂಗಣದ ಒಳಗೆ ನಾಟಕ, ಯೋಗ, ಕುಣಿತ ಇದ್ದರೆ ಬರಿಗಾಲೇ ಸರಿ. ನುಣುಪು ಗ್ರಾನೈಟ್ ಮೇಲೆ ಕಾಲುಚೀಲ ಹಾಕಿ ನಡೆದರೆ ಜಾರಿ ಬೀಳುತ್ತೀರಿ. ಮಗುವನ್ನು ಎತ್ತಿಕೊಂಡಿದ್ದರಂತೂ ಅಪಾಯ. ಕಾಲುಚೀಲ ತೆಗೆದು ಬೂಟಿನ ಒಳಗಿಟ್ಟು ಹೋಗಿ.

ಎರೆ ಮಣ್ಣಿನ ಊರಲ್ಲಿ ಮಳೆ ಬಿದ್ದರೆ ಲೆಕ್ಕವೇ ಬೇರೆ. ಎರೆ ಬೂಟಿಗೆ ಮೆತ್ತಿ ಹೆಜ್ಜೆ ಹೆಜ್ಜೆಗೂ ತೂಕ ಏರುತ್ತದೆ, ಅಟ್ಟೆಯ ಗೀರುಗಳೆಲ್ಲ ತುಂಬಿ ಜಾರಲು ಶುರುವಾಗುತ್ತದೆ. ಅಂಥ ದಿನ ಮೈದಾನದ ಆಟ ಬಿಟ್ಟು ಒಳಗೆ ಹೋಗುವುದೇ ಒಳ್ಳೆಯದು.

7. ಸೀರೆ, ಓಢಣಿ, ಹಿಜಾಬ್

"ಶಿಬಿರಕ್ಕೆ ಸೀರೆ ಬೇಡ" ಅಂತ ಕೆಲವು ಸಂಘಟಕರು ನಿಯಮ ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೊಲದಲ್ಲಿ ಕಳೆ ತೆಗೆದು, ತಲೆ ಮೇಲೆ ಬುತ್ತಿ ಹೊತ್ತು ನಡೆದ ನಮ್ಮ ಅಜ್ಜಿಯರೆಲ್ಲ ಸೀರೆಯಲ್ಲೇ ದುಡಿದವರು. ಯಾವ ಸೀರೆ, ಹೇಗೆ ಉಡುವುದು ಅನ್ನುವುದು ಮುಖ್ಯ.

ಗದಗ ಜಿಲ್ಲೆಯ ಗಜೇಂದ್ರಗಡದ ಕಡೆ ನೇಯುವ ಪಟ್ಟೆದಂಚು ಸೀರೆ ಇದಕ್ಕೆ ಹೇಳಿ ಮಾಡಿಸಿದ್ದು. ಹತ್ತಿಯದು, ಗಟ್ಟಿ, ಚೌಕಳಿ ಇರುವುದರಿಂದ ದೂಳು ಕಾಣುವುದಿಲ್ಲ, ಒಗೆದಷ್ಟೂ ಮೆತ್ತಗಾಗುತ್ತದೆ. ನೆಲದಿಂದ ಎರಡು ಇಂಚು ಮೇಲೆ ಬರುವಂತೆ ಉಟ್ಟುಕೊಳ್ಳಿ. ಒಳಗೆ ಲಂಗದ ಬದಲು ಹತ್ತಿ ಪೈಜಾಮ ಹಾಕಿದರೆ ಕೂರಲು ಏಳಲು ಸಂಕೋಚ ಇರುವುದಿಲ್ಲ. ಸೆರಗನ್ನು ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿ. ಇಳಕಲ್ ರೇಷ್ಮೆ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸ ಎಲ್ಲ ಸಮಾರೋಪದ ದಿನಕ್ಕೆ ಇಟ್ಟುಕೊಳ್ಳಿ. ಅವತ್ತು ಮಕ್ಕಳೂ ಚೆಂದ ಉಟ್ಟು ಬರುತ್ತಾರೆ, ನೀವೂ ಉಡಿ.

ಚೂಡಿದಾರ ಹಾಕುವವರು ಓಢಣಿಯನ್ನು ಒಂದು ಹೆಗಲಿಂದ ಅಡ್ಡ ಹಾಕಿ ಸೊಂಟದ ಪಕ್ಕ ಗಂಟು ಹಾಕಿ. ಉಯ್ಯಾಲೆ, ಜಾರುಬಂಡಿ, ಬೈಕಿನ ಚಕ್ರ ಮೂರೂ ಸಡಿಲ ಓಢಣಿಗೆ ಶತ್ರುಗಳು. ಹಿಜಾಬ್ ಹಾಕುವವರು ಚೂಪು ಪಿನ್ ಬಿಟ್ಟು ಒತ್ತುಗುಂಡಿಯದು ಇಲ್ಲವೇ ಹೊಲಿದ ಹತ್ತಿಯದು ಆರಿಸಿದರೆ ಆಟದಲ್ಲಿ ನಿಶ್ಚಿಂತೆ.

ತಿಂಗಳ ದಿನಗಳಲ್ಲಿ ಗಾಢ ಬಣ್ಣದ ಪ್ಯಾಂಟು, ಚೀಲದಲ್ಲಿ ಇನ್ನೊಂದು ಜೊತೆ ಇರಲಿ. ಸಂಘಟಕರು ಹೆಣ್ಣುಮಕ್ಕಳ ಕೋಣೆಯಲ್ಲಿ ಒಂದು ಪೆಟ್ಟಿಗೆ ಪ್ಯಾಡ್ ಇಡಬೇಕು. ದೊಡ್ಡ ಹುಡುಗಿಯರಿಗೂ ಬೇಕಾಗುತ್ತದೆ, ಕೇಳಲು ನಾಚುತ್ತಾರೆ.

8. ಕೆಲಸಕ್ಕೆ ತಕ್ಕಂತೆ ಬದಲು

ಬಣ್ಣ, ಮಣ್ಣಿನ ಕೆಲಸ ಕಲಿಸುವವರು ಹಳೆ ಅಂಗಿಯನ್ನು ಹಿಂದುಮುಂದಾಗಿ ಮೇಲೆ ಹಾಕಿಕೊಳ್ಳಿ, ಅದೇ ಏಪ್ರನ್. ಪೋಸ್ಟರ್ ಬಣ್ಣ, ಫೆವಿಕಾಲ್ ಹಸಿ ಇರುವಾಗಲೇ ತಣ್ಣೀರಲ್ಲಿ ತೊಳೆದರೆ ಹೋಗುತ್ತವೆ, ಒಣಗಿದರೆ ಕೂತುಬಿಡುತ್ತವೆ. ಮಸಾರಿ ಮಣ್ಣಿಗೆ ಇದರ ಉಲ್ಟಾ. ಅದನ್ನು ಒಣಗಲು ಬಿಟ್ಟು, ಬ್ರಷ್‌ನಿಂದ ಉದುರಿಸಿ, ಆಮೇಲೆ ತಣ್ಣೀರು, ಸಾಬೂನು.

ಗುಡ್ಡಕ್ಕೆ ಕರೆದೊಯ್ಯುವವರು ಪೂರ್ಣ ತೋಳು, ಪೂರ್ಣ ಪ್ಯಾಂಟು ಹಾಕಲೇಬೇಕು. ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಮೆಟ್ಟಿಲಿವೆ, ಬೂಟಿದ್ದರೆ ಸಾಕು. ಗದಗ ಜಿಲ್ಲೆಯ ಕಪ್ಪತಗುಡ್ಡ ಹಾಗಲ್ಲ. ಅಲ್ಲಿ ಬೇಸಿಗೆಯಲ್ಲಿ ಒಣ ಹುಲ್ಲಿನ ಮುಳ್ಳು ಕಾಲುಚೀಲಕ್ಕೆ ಹತ್ತಿ ಚುಚ್ಚುತ್ತದೆ, ಪ್ಯಾಂಟಿನ ಅಂಚನ್ನು ಕಾಲುಚೀಲದ ಒಳಗೆ ಸೇರಿಸಿದರೆ ಉಣ್ಣಿ ಹುಳ ಹತ್ತುವುದೂ ತಪ್ಪುತ್ತದೆ. ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ, ಅಷ್ಟು ಗಾಳಿ ಇದೆ. ಟೊಪ್ಪಿಗೆಗೆ ಗದ್ದದ ಕೆಳಗೆ ಕಟ್ಟುವ ದಾರ ಬೇಕು. ರಾತ್ರಿ ಉಳಿದರೆ ಬೆಳಿಗ್ಗೆ ಬೂಟು ಕೊಡವಿ, ಒಳಗೆ ನೋಡಿ ಹಾಕಿಕೊಳ್ಳಿ. ಚೇಳು ತಂಪು ಜಾಗ ಹುಡುಕಿ ಸೇರಿಕೊಂಡಿರುತ್ತದೆ. ಮಕ್ಕಳಿಗೂ ಇದನ್ನೇ ಕಲಿಸಿ.

ಈಜುಕೊಳದಲ್ಲಿ ಮಾತ್ರ ಹತ್ತಿ ಬೇಡ, ನೀರು ಕುಡಿದು ಭಾರವಾಗುತ್ತದೆ. ದಡದಲ್ಲಿ ನಿಲ್ಲುವವರೂ ಈಜುಡುಗೆಯಲ್ಲೇ ಇರಬೇಕು. ಜೀನ್ಸ್ ಹಾಕಿಕೊಂಡು ನೀರಿಗೆ ಹಾರಲು ಆಗುವುದಿಲ್ಲ.

ಈಗ ಅಡುಗೆ ಮನೆ. ಶಿಬಿರದ ಸಿಬ್ಬಂದಿ ಅಂದಾಗ ಅಡುಗೆಯವರನ್ನು ಎಲ್ಲರೂ ಮರೆಯುತ್ತಾರೆ. ಉಳಿದವರಿಗೆಲ್ಲ ಟೀ ಶರ್ಟ್ ಸಿಗುತ್ತದೆ, ಅವರಿಗೆ ಇಲ್ಲ. ಅವರು ನೈಲಾನ್, ಪಾಲಿಯೆಸ್ಟರ್ ಸೀರೆ ಉಟ್ಟು ದೊಡ್ಡ ಗ್ಯಾಸ್ ಒಲೆಯ ಮುಂದೆ ನಿಂತಿರುತ್ತಾರೆ. ಅಗ್ಗದ ಸೀರೆ ಅಂದರೆ ಈಗ ಅದೇ ತಾನೇ? ಈ ಬಟ್ಟೆ ಬೆಂಕಿ ತಾಕಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಗಾಯ ಆಳವಾಗುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಅದಕ್ಕೇ ಬಡಿಸುವವರಿಗೂ ಪಾಲಿಯೆಸ್ಟರ್ ಬೇಡ ಅಂದದ್ದು. ಸಂಘಟಕರು ಮೊದಲು ಅಡುಗೆಯವರಿಗೆ ದಪ್ಪ ಹತ್ತಿಯ ಏಪ್ರನ್, ತಲೆಗೆ ಬಟ್ಟೆ, ಜಾರದ ಚಪ್ಪಲ್ ಕೊಡಿಸಿ. ಆಮೇಲೆ ಬ್ಯಾನರ್ ಮಾಡಿಸಿ. ಕೊನೆಯ ರಾತ್ರಿ ಬೆಂಕಿ ಹಾಕಿ ಸುತ್ತ ಕುಣಿಯುವ ಕಾರ್ಯಕ್ರಮ ಇದ್ದರೆ ಎಲ್ಲ ಸಿಬ್ಬಂದಿಗೂ ಇದೇ ನಿಯಮ: ಹತ್ತಿ ಬಟ್ಟೆ, ಜೋತಾಡುವ ಓಢಣಿ ಇಲ್ಲ.

9. ಸಂಘಟಕರಿಗೆ: ಟೀ ಶರ್ಟ್ ಒಂದು ಸಾಲದು

ಎಷ್ಟೋ ಶಿಬಿರಗಳು ಒಬ್ಬರಿಗೆ ಒಂದೇ ಟೀ ಶರ್ಟ್ ಕೊಟ್ಟು "ದಿನಾ ಇದನ್ನೇ ಹಾಕಿ" ಅನ್ನುತ್ತವೆ. ದಿನಾ ಬೆವರುವ ಕೆಲಸಕ್ಕೆ ಕಡಿಮೆ ಅಂದರೂ ಎರಡು, ಸಾಧ್ಯವಾದರೆ ಮೂರು ಕೊಡಿ. ಅದರ ದುಡ್ಡನ್ನು ಸ್ವಯಂಸೇವಕರ ಗೌರವಧನದಲ್ಲಿ ಕಳೆಯಬೇಡಿ. ಹಳ್ಳಿಯಿಂದ ಬಂದು ಹಾಸ್ಟೆಲ್‌ನಲ್ಲಿದ್ದು ಓದುವ ಹುಡುಗರಿಗೆ ಅಷ್ಟು ದುಡ್ಡೂ ದೊಡ್ಡದು.

ಸಿಬ್ಬಂದಿಯ ಬಣ್ಣ ಮಕ್ಕಳ ಬಣ್ಣಕ್ಕಿಂತ ಬೇರೆ ಇರಲಿ. ಬೆನ್ನ ಮೇಲೆ "ಶಿಬಿರ ಸಿಬ್ಬಂದಿ" ಅಂತ ದೊಡ್ಡದಾಗಿ ಬರೆಸಿ. ಎದೆಯ ಮೇಲೆ ಪ್ರಾಯೋಜಕರ ದೊಡ್ಡ ರಬ್ಬರ್ ಅಚ್ಚು ಬೇಡ, ಅದರ ಕೆಳಗೆ ಗಾಳಿ ಆಡದೆ ಬೆವರುಸಾಲೆ ಏಳುತ್ತದೆ. ಅಳತೆಯನ್ನು ಮೊದಲೇ ಪ್ರತಿಯೊಬ್ಬರಿಂದ ಕೇಳಿ ಬರೆದುಕೊಳ್ಳಿ. ಎಲ್ಲರಿಗೂ ಎಲ್ ಸೈಜ್ ತರಿಸಿದರೆ ತೆಳ್ಳಗಿನ ಹುಡುಗಿಗೆ ಕುತ್ತಿಗೆ ಜಾರುತ್ತದೆ, ದಪ್ಪಗಿನವರಿಗೆ ಎಲ್ಲರ ಮುಂದೆ ಮುಜುಗರ. ಟೀ ಶರ್ಟ್ ಹಾಕಲು ಇಷ್ಟವಿಲ್ಲದವರಿಗೆ ಅದೇ ಬಣ್ಣದ ಕುರ್ತಾ ಇಲ್ಲವೇ ಮೇಲೆ ಹಾಕುವ ತೋಳಿಲ್ಲದ ಜಾಕೆಟ್ ಕೊಡಿ. ಗುರುತು ಸಿಕ್ಕರೆ ಸಾಕಲ್ವಾ?

10. ಚೀಲ, ಮಳೆ, ಒಗೆತ

ಬೆನ್ನಿಗೆ ಹಾಕುವ ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಳ ಉಡುಪು, ಕಾಲುಚೀಲ, ಟವೆಲ್, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ ಯಾವಾಗಲೂ ಇರಲಿ. ಮಗು ವಾಂತಿ ಮಾಡಿದರೆ, ಬಣ್ಣದ ಬಟ್ಟಲು ಮಗುಚಿದರೆ ಹತ್ತು ನಿಮಿಷದಲ್ಲಿ ನೀವು ಮತ್ತೆ ಕೆಲಸಕ್ಕೆ ನಿಲ್ಲಬಹುದು.

ಏಪ್ರಿಲ್ ಕೊನೆಗೆ ಭರಣಿ ಮಳೆ ಶುರು, ಮೇ ಎರಡನೇ ವಾರಕ್ಕೆ ಕೃತ್ತಿಕಾ. ಗುಡುಗು, ಸಿಡಿಲು, ಕೆಲವೊಮ್ಮೆ ಆನೆಕಲ್ಲು ಎಲ್ಲ ಮಧ್ಯಾಹ್ನ ಮೂರರ ಮೇಲೆ ಒಮ್ಮೆಲೇ ಬರುತ್ತವೆ. ಕೊಡೆ ಹಿಡಿದರೆ ಒಂದು ಕೈ ಹೋಯಿತು, ಮಕ್ಕಳನ್ನು ಹಿಡಿಯಲು ಎರಡೂ ಕೈ ಬೇಕು. ಹಗುರ ರೇನ್‌ಕೋಟ್ ಇಟ್ಟುಕೊಳ್ಳಿ, ಎದ್ದು ಕಾಣುವ ಹಳದಿಯೋ ಕಿತ್ತಳೆಯೋ ಇದ್ದರೆ ಮಸುಕು ಬೆಳಕಲ್ಲೂ ಮಕ್ಕಳು ನಿಮ್ಮ ಹಿಂದೆ ಬರುತ್ತಾರೆ. ಗುಡುಗು ಕೇಳಿದ ಕೂಡಲೇ ಮರದಡಿ ನಿಲ್ಲದೆ ಕಟ್ಟಡದ ಒಳಗೆ ಕರೆದುಕೊಂಡು ಹೋಗಿ.

ಸಂಜೆ ಮನೆಗೆ ಹೋದ ಕೂಡಲೇ ಅಂಗಿ ಒಗೆದು ಹಾಕಿ. ಏಪ್ರಿಲ್‌ನಲ್ಲಿ ರಾತ್ರಿಯ ಗಾಳಿಗೇ ಆರುತ್ತದೆ, ಬೆಳಿಗ್ಗೆ ಗರಿಗರಿ ಇರುತ್ತದೆ. ಮಳೆ ಹಿಡಿದ ವಾರದಲ್ಲಿ ಆರುವುದಿಲ್ಲ. ಅರೆಹಸಿ ಬಟ್ಟೆ ಹಾಕಿಕೊಂಡು ದಿನವಿಡೀ ಬೆವರಿದರೆ ತೊಡೆ ಸಂದಿಯಲ್ಲಿ ಗಜಕರ್ಣ ಹಿಡಿಯುತ್ತದೆ, ಅದು ಬಿಡಲು ವಾರಗಟ್ಟಲೆ ಬೇಕು. ಮೂರನೇ ಜೊತೆ ಬೇಕಾಗುವುದು ಈ ವಾರಕ್ಕಾಗಿಯೇ. ಅದನ್ನು ಮೊದಲ ದಿನವೇ ಇಸ್ತ್ರಿ ಮಾಡಿ ಚೀಲದ ತಳಕ್ಕೆ ಹಾಕಿಡಿ.